ಹತ್ತಿಗೆ ಸೋಡಾ, ಗರಿಗೆ ಹುಳಿ: ಕೊರಮೀನಿನ ಲೂರ್‌ಗೆ (ನಕಲಿ ಎರೆಗೆ) ಮನೆಯಲ್ಲೇ ಬಣ್ಣ ಹಾಕಲು ಹೋಗಿ ಆದದ್ದು

ಬೆಳಿಗ್ಗೆ ಎದ್ದು ಬಕೆಟ್ ನೋಡಿದರೆ ಗರಿಗಳೇ ಇರಲಿಲ್ಲ. ರಾತ್ರಿ ಮಲಗುವಾಗ ಎರಡು ಕ್ಯಾರಿಬ್ಯಾಗ್ ತುಂಬಾ ಇದ್ದ ಕೋಳಿ ಗರಿ, ಈಗ ತಳದಲ್ಲಿ ಬೂದು ಬಣ್ಣದ ಲೋಳೆ ಆಗಿ ಕೂತಿತ್ತು. ಕೋಲಿನಿಂದ ಕಲಕಿದರೆ ನೂಡಲ್ಸ್ ಥರ ಮೆತ್ತಗಾದ ಒಂದಷ್ಟು ದಂಟು ಮೇಲೆ ಬಂದವು, ಅಷ್ಟೇ.

"ಮಾವ, ಗರಿ ಎಲ್ಲಿ ಹೋದ್ವು?" ಅಂದ ಅಕ್ಕನ ಮಗ.

"ನೀನೇ ಹೇಳ್ಬೇಕಲ್ಲಪಾ, ನೀನೇನ್ ಹಾಕಿದಿ?"

ಹಾಕಿದ್ದು ಬ್ಲೀಚ್. ಅವನು ಬಳ್ಳಾರಿಯ ಒಂದು ಜೀನ್ಸ್ ವಾಶಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತಾನೆ. ದಿನವಿಡೀ ನೀಲಿ ಬಟ್ಟೆಯನ್ನು ಬಿಳಿ ಮಾಡುವವನಿಗೆ ಕಂದು ಗರಿಯನ್ನು ಬಿಳಿ ಮಾಡುವುದು ಯಾವ ದೊಡ್ಡ ಮಾತು ಅನಿಸಿದೆ. ನಾನು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್. ಬಾತ್‌ರೂಮಿನ ಪೈಪಿನಲ್ಲಿ ಕೂದಲು ಕಟ್ಟಿಕೊಂಡರೆ ಯಾವ ಸಾಮಾನು ಸುರಿಯುತ್ತೇವೆ, ಅದು ಕೂದಲನ್ನು ಏನು ಮಾಡುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ರಾತ್ರಿ "ಹಾಕು ಹಾಕು" ಅಂತ ನಾನೇ ಅಂದಿದ್ದೆ. ಅವನಿಗಿಂತ ನನ್ನ ತಪ್ಪೇ ಜಾಸ್ತಿ ಅಂತ ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಇದು 2024ರ ಆಗಸ್ಟ್. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದ ತಿಂಗಳು. ಟೀ ಅಂಗಡಿ, ಬಸ್ಸು, ಸಲೂನು, ಎಲ್ಲಿ ಹೋದರೂ ಅದೇ ಮಾತು. ವಾರದೊಳಗೆ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆ) ಇಳಿಸಿ ನೀರು ನಿಲ್ಲಿಸಿದರು, ಜನ ಉಸಿರು ಬಿಟ್ಟರು. ನಮ್ಮಿಬ್ಬರದು ಬೇರೆ ಚಿಂತೆ. ಸಿರುಗುಪ್ಪ ಕಡೆ ಪರಿಚಯದವರೊಬ್ಬರು ಗುತ್ತಿಗೆ ಹಿಡಿದ ಸಣ್ಣ ಕೆರೆ ಇದೆ. ಅವರನ್ನು ಕೇಳಿಕೊಂಡು ಭಾನುವಾರ ಅಲ್ಲಿ ಗಾಳ ಹಾಕುತ್ತೇವೆ. (ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶ. ಆ ಕಡೆ ನಾವು ಗಾಳ ತೆಗೆದುಕೊಂಡು ಹೋಗುವುದಿಲ್ಲ. ಅಲ್ಲಿಯ ಮೀನು ನೀರುನಾಯಿಗಿರಲಿ.) ಆ ಕೆರೆಯಲ್ಲಿ ಕೊರಮೀನು ಚೆನ್ನಾಗಿದೆ. ಮರಲ್ ಅಂತೀರಲ್ಲ, ಅದೇ. ಬೇಸಿಗೆಯಲ್ಲಿ ನೀರು ತಿಳಿಯಾಗಿದ್ದಾಗ ಬಿಳಿ ಗರಿಯ ಜಿಗ್‌ಗೆ (ಕೊಕ್ಕೆಗೆ ಗರಿ ಕಟ್ಟಿ ಮಾಡಿದ ಲೂರ್) ಓಡೋಡಿ ಬರುತ್ತಿತ್ತು. ಮಳೆ ಬಿದ್ದು, ಕಾಲುವೆ ನೀರು ಸೇರಿ, ಕೆರೆ ಟೀ ಬಣ್ಣಕ್ಕೆ ತಿರುಗಿದ ಮೇಲೆ ಒಂದೂ ತಿರುಗಿ ನೋಡಲಿಲ್ಲ.

ಇದಕ್ಕೆ ಕಾರಣ ಇದೆ. ತಿಳಿ ನೀರಿನಲ್ಲಿ ಕೆಂಪು ಬೆಳಕು ಮೊದಲು ಮಾಯವಾಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಕೆಸರು ನೀರಿನಲ್ಲಿ ಉಲ್ಟಾ. ನೀಲಿಯನ್ನು ನೀರು ಬೇಗ ನುಂಗುತ್ತದೆ, ಕಿತ್ತಳೆ ಮತ್ತು ಕೆಂಪು ಕಡೆಯ ಬೆಳಕು ಸ್ವಲ್ಪ ಜಾಸ್ತಿ ದೂರ ಉಳಿಯುತ್ತದೆ. ಇನ್ನು ಕಪ್ಪು ಯಾವ ನೀರಿನಲ್ಲೂ ನೆರಳಿನ ಹಾಗೆ ಎದ್ದು ಕಾಣುತ್ತದೆ, ಮೀನು ಕೆಳಗಿನಿಂದ ಮೇಲೆ ನೋಡುವಾಗಲಂತೂ ಕೇಳುವುದೇ ಬೇಡ. ಹಾಗಾಗಿ ನಮಗೆ ಕಿತ್ತಳೆ ಮತ್ತು ಕಪ್ಪು ಬೇಕಿತ್ತು. ಕೈಯಲ್ಲಿ ಇದ್ದದ್ದು ಚಿಕನ್ ಅಂಗಡಿಯಿಂದ ತಂದ ಬಿಳಿ ಗರಿ, ನಾಟಿ ಕೋಳಿಯ ಕಂದು ಗರಿ, ಮಟನ್ ಅಂಗಡಿಯಲ್ಲಿ ಕೇಳಿ ತಂದ ಆಡಿನ ಬಾಲದ ಕೂದಲು. ಅಮೆರಿಕದಲ್ಲಿ ಈ ಕೆಲಸಕ್ಕೆ ಜಿಂಕೆ ಬಾಲದ ಕೂದಲು ಬಳಸುತ್ತಾರೆ. ನಮ್ಮಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಬಾಗಿಲು ತಟ್ಟುತ್ತದೆ. ಆಡಿನ ಕೂದಲು ಸ್ವಲ್ಪ ಒರಟು, ಆದರೆ ನೀರಿನಲ್ಲಿ ಚೆನ್ನಾಗಿ ಅಲುಗುತ್ತದೆ.

ಬ್ಲೀಚ್ ಕತೆ ಮುಗಿದ ಮೇಲೆ ಉಳಿದದ್ದು ಬಿಳಿ ಗರಿ. ಅದನ್ನು ಬಿಳಿ ಮಾಡುವ ಗೋಜಿಲ್ಲ, ನೇರ ಬಣ್ಣ ಹಾಕಿದರಾಯಿತು ಅಂತ ಅಳಿಯ ಮತ್ತೆ ಹತ್ತಿ ಬಟ್ಟೆಯ ಪಾಠವನ್ನೇ ಹೊರತೆಗೆದ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ, ಮೇಲೆ ಉಪ್ಪು, ಆಮೇಲೆ ಸೋಡಾ ಆಶ್ (ಬಟ್ಟೆ ಸೋಡಾ). ಬಟ್ಟೆಯಾದರೆ ಅದ್ಭುತ ಬಣ್ಣ ಬರುತ್ತಿತ್ತು. ಗರಿ ಒಂದು ಗಂಟೆ ನೆನೆದು ಹೊರಬಂದಾಗ ಬಾಡಿದ ಗುಲಾಬಿ ಬಣ್ಣ, ಅದೂ ಒಂದೇ ಸಮ ಇಲ್ಲ. ಒಣಗಿದ ಮೇಲೆ ಬೆರಳಲ್ಲಿ ಸವರಿದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ನಾನು ಲ್ಯಾಬಿನಿಂದ ತಂದಿದ್ದ ಪಿಎಚ್ ಪೇಪರ್ ಅದ್ದಿ ನೋಡಿದೆ. ಪಟ್ಟಿ ಕಡುನೀಲಿ. 11ರ ಹತ್ತಿರ. 7ಕ್ಕಿಂತ ಕೆಳಗಾದರೆ ಹುಳಿ, ಮೇಲಾದರೆ ಕ್ಷಾರ.

ಅಲ್ಲಿಗೆ ನನ್ನ ತಲೆ ಓಡಿತು. ಹತ್ತಿ ಅಂದರೆ ಸೆಲ್ಯುಲೋಸ್. ಗಿಡದ್ದು. ಅದಕ್ಕೆ ಕ್ಷಾರ ಅಂದರೆ ಪ್ರೀತಿ, ಸೋಡಾ ಇದ್ದರೇನೇ ರಿಯಾಕ್ಟಿವ್ ಬಣ್ಣ ಅದನ್ನು ಗಟ್ಟಿಯಾಗಿ ಹಿಡಿಯುವುದು. ಗರಿ, ಕೂದಲು, ಉಣ್ಣೆ, ನಮ್ಮ ಉಗುರು ಎಲ್ಲ ಕೆರಾಟಿನ್. ಪ್ರಾಣಿಯದ್ದು, ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿದಿರುತ್ತವೆ. ಜೋರು ಕ್ಷಾರಕ್ಕೆ ಆ ಕೊಂಡಿ ಕಳಚುತ್ತದೆ. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರೋಟೀನನ್ನೇ ತಿಂದುಹಾಕುತ್ತದೆ. ಬಕೆಟ್ಟಿನ ಲೋಳೆ ಅದೇ. ಅಳಿಯನ ಕೈಗುಣ ಕೆಟ್ಟದ್ದಲ್ಲ, ಅವನು ಹತ್ತಿಯ ಡಾಕ್ಟರು. ಕೋಳಿಗೆ ಅದೇ ಔಷಧ ಬರೆದ, ಅಷ್ಟೇ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಗರಿಗೆ ಹುಳಿ ಬೇಕು ಅಂತ ನಾನು ಹೇಳಿದ್ದೇ ತಡ, ಅವನು ವಿನೆಗರ್ ಬಾಟಲಿ ಹಿಡಿದು ಅದೇ ಬ್ಲೀಚ್ ಬಕೆಟ್ ಕಡೆ ಹೊರಟ. ಅದರಲ್ಲಿ ಇನ್ನೂ ಅರ್ಧ ನೀರು ಹಾಗೇ ಇತ್ತು. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು. ಬ್ಲೀಚ್‌ಗೆ ವಿನೆಗರ್ ಆಗಲಿ, ನಿಂಬೆಹಣ್ಣಾಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಅದು ಶ್ವಾಸಕೋಶ ಸುಡುವ ವಿಷ. ಮುಚ್ಚಿದ ಬಾತ್‌ರೂಮಿನಲ್ಲಿ ಮಾಡಿದ್ದರೆ ಈ ಬರಹ ಬೇರೆಯವರು ಬರೆಯಬೇಕಾಗುತ್ತಿತ್ತು. ಆ ದಿನದಿಂದ ಬ್ಲೀಚ್ ಡಬ್ಬಿ ನಮ್ಮ ಮನೆಗೆ ಬಂದಿಲ್ಲ.

ಸರಿ, ಹುಳಿ. ಗರಿ-ಕೂದಲಿಗೆ ಹಿಡಿಸುವ ಬಣ್ಣಗಳಿಗೆ ಆಸಿಡ್ ಡೈ ಅಂತ ಹೆಸರು, ಉಣ್ಣೆ ಮತ್ತು ರೇಷ್ಮೆಗೆ ಹಾಕುವುದು ಇದನ್ನೇ. ಹೆಸರು ಕೇಳಿ ಹೆದರಬೇಡಿ, ಪುಡಿ ಕೈ ಸುಡುವುದಿಲ್ಲ. ಹುಳಿ ನೀರಿನಲ್ಲಿ ಗರಿಯ ಪ್ರೋಟೀನು ಪಾಸಿಟಿವ್ ಚಾರ್ಜ್ ಹಿಡಿಯುತ್ತದೆ, ಬಣ್ಣ ನೆಗೆಟಿವ್, ಎರಡೂ ಅಂಟಿಕೊಳ್ಳುತ್ತವೆ. ತಮಾಷೆ ಏನೆಂದರೆ ನಮ್ಮ ಅಡುಗೆಮನೆಯ ಕೇಸರಿ ಬಣ್ಣದಲ್ಲಿ ಇರುವ ಸನ್‌ಸೆಟ್ ಯೆಲ್ಲೋ, ಟಾರ್ಟ್ರಾಜಿನ್, ಕೆಂಪಿಗೆ ಹಾಕುವ ಕಾರ್ಮೋಸಿನ್ ಎಲ್ಲವೂ ಇದೇ ಜಾತಿಯವು. ಅದೇ ವರ್ಷ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹಾಕಿತ್ತಲ್ಲ. ಹಾಗಾಗಿ ಪರಿಚಯದ ಗೋಬಿ ಗಾಡಿಯವನ ಬಳಿ ಉಳಿದುಹೋಗಿದ್ದ ಎರಡು ಡಬ್ಬಿ ನಮಗೆ ಪುಕ್ಕಟೆ ಸಿಕ್ಕವು. ವಿನೆಗರ್ ಕೂಡ ಅವನದೇ. ಮಂಚೂರಿಗೆ ಬೇಡವಾದದ್ದು ಮೀನಿಗೆ ಬಂತು ಅಂತ ಅವನೇ ನಕ್ಕ.

ಮೂರನೇ ಸಲ ಅವಸರ ಮಾಡಲಿಲ್ಲ. ಮೊದಲು ಗರಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದೆವು. ಹಕ್ಕಿಯ ಗರಿಯಲ್ಲಿ ಎಣ್ಣೆ ಇರುತ್ತದೆ, ಅದು ಇರುವ ತನಕ ಬಣ್ಣ ಒಳಗೆ ಹೋಗುವುದಿಲ್ಲ. ಆಡಿನ ಕೂದಲಿಗೆ ಮೂರು ಸಲ ಬೇಕಾಯಿತು, ಅದರ ವಾಸನೆ ಹೋಗಲಿಕ್ಕೆ ನಾಲ್ಕನೇ ಸಲ. ಆಮೇಲೆ ರಾತ್ರಿಯಿಡೀ ಬರೀ ನೀರಿನಲ್ಲಿ ನೆನೆಹಾಕಿದೆವು, ಮೇಲೆ ಒಂದು ತಟ್ಟೆ ಮುಚ್ಚಿ, ತೇಲದ ಹಾಗೆ. ಒಣ ಗರಿಯನ್ನು ನೇರ ಬಣ್ಣಕ್ಕೆ ಹಾಕಿದರೆ ಎಳೆಗಳ ನಡುವಿನ ಗಾಳಿ ಬಣ್ಣವನ್ನು ತಡೆಯುತ್ತದೆ, ಮಚ್ಚೆ ಮಚ್ಚೆ ಆಗುತ್ತದೆ.

ಲೆಕ್ಕ ಹೀಗಿತ್ತು. ತೂಕ ಮಾಡಿದ 10 ಗ್ರಾಂ ಒಣ ಗರಿ (ನೋಡಲಿಕ್ಕೆ ದೊಡ್ಡ ರಾಶಿ), 1 ಲೀಟರ್ ನೀರು, ಮೂರು ದೊಡ್ಡ ಚಮಚ ವಿನೆಗರ್. ಪಟ್ಟಿ ಅದ್ದಿದರೆ ಪಿಎಚ್ 4ರಿಂದ 5ರ ನಡುವೆ ಬರಬೇಕು. ಆಸಿಡ್ ಡೈ ಪುಡಿಯಾದರೆ ಕಿತ್ತಳೆಗೆ 0.2 ಗ್ರಾಂ ಸಾಕು, ಅಂದರೆ ಗರಿಯ ತೂಕದ ಶೇಕಡಾ 2. ಕಪ್ಪಿಗೆ ಅದರ ಎರಡು-ಮೂರು ಪಟ್ಟು ಹಾಕಬೇಕು, ಇಲ್ಲದಿದ್ದರೆ ಬದನೆಕಾಯಿ ಬಣ್ಣ ಬರುತ್ತದೆ. ನಮಗೆ ಮೊದಲ ಸಲ ಬಂದದ್ದು ಅದೇ. ಕೇಸರಿ ಬಣ್ಣದ ಡಬ್ಬಿಯಲ್ಲಿ ಬರೀ ಬಣ್ಣ ಇರುವುದಿಲ್ಲ, ಉಪ್ಪಿನಂಥದ್ದನ್ನೂ ಬೆರೆಸಿರುತ್ತಾರೆ. ಅದನ್ನು ಕಣ್ಣಳತೆಯಲ್ಲಿ ಸ್ವಲ್ಪ ಧಾರಾಳವಾಗಿಯೇ ಹಾಕಿದೆವು.

ಸಣ್ಣ ಉರಿಯಲ್ಲಿ ಇಟ್ಟು, ನೀರು 80 ಡಿಗ್ರಿ ಆಸುಪಾಸು ಬರುವ ತನಕ ಕಾಯಬೇಕು. ಥರ್ಮಾಮೀಟರ್ ಇಲ್ಲದವರಿಗೆ ಹೇಳುವುದಾದರೆ, ಆವಿ ಚೆನ್ನಾಗಿ ಏಳುತ್ತಿರಬೇಕು, ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕೂತಿರಬೇಕು, ಆದರೆ ಕೊತಕೊತ ಕುದಿಯಬಾರದು. ಕುದಿಸಿದರೆ ಗರಿ ಮುರುಟುತ್ತದೆ. ಅರ್ಧ ಗಂಟೆ, ನಡುನಡುವೆ ಕೋಲಿನಿಂದ ಮೆಲ್ಲಗೆ ತಿರುವುತ್ತಾ. ಇಲ್ಲಿ ಒಂದು ಚಂದದ ದೃಶ್ಯ ನೋಡಲು ಸಿಗುತ್ತದೆ. ಎಲ್ಲ ಸರಿ ಇದ್ದರೆ ನೀರು ನಿಧಾನಕ್ಕೆ ತಿಳಿಯಾಗುತ್ತಾ ಬರುತ್ತದೆ, ಬಣ್ಣವೆಲ್ಲ ಗರಿಗೆ ಹೋಗಿ ಕೂರುತ್ತದೆ. ಅಳಿಯ ಬಗ್ಗಿ ನೋಡಿ, "ಯಪ್ಪಾ, ನಮ್ಮ ಯೂನಿಟ್‌ನ್ಯಾಗ ನೀರು ಹಿಂಗ ಬಿಳಿ ಆಗೂದ ನಾ ನೋಡೇ ಇಲ್ಲ ಮಾವ" ಅಂದ. ನೀರಿನಲ್ಲಿ ಬಣ್ಣ ಇನ್ನೂ ಉಳಿದಿದ್ದರೆ ಇನ್ನೊಂದು ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಉರಿ ಆರಿಸಿ ಅದರಲ್ಲೇ ತಣ್ಣಗಾಗಲು ಬಿಡಬೇಕು. ಬಿಸಿ ಗರಿಗೆ ನಲ್ಲಿ ನೀರು ಹಿಡಿಯಬೇಡಿ.

ಒದ್ದೆ ಗರಿ ನೋಡಿದರೆ ನಿಮಗೆ ಅಳು ಬರುತ್ತದೆ. ಮಳೆಯಲ್ಲಿ ನೆನೆದ ಕೋಳಿಮರಿ ಥರ ಮುದ್ದೆಯಾಗಿ, ಬೇಕಾದದ್ದಕ್ಕಿಂತ ಎರಡು ಪಟ್ಟು ಗಾಢವಾಗಿ ಕಾಣುತ್ತದೆ. ಪೇಪರ್ ಮೇಲೆ ನೆರಳಲ್ಲಿ ಒಣಗಿಸಿ, ಅರ್ಧ ಒಣಗಿದಾಗ ಒಂದು ಪೇಪರ್ ಚೀಲಕ್ಕೆ ಹಾಕಿ ಕುಲುಕಿ. ಮತ್ತೆ ಅರಳಿಕೊಳ್ಳುತ್ತದೆ. ನಮ್ಮ ಕಿತ್ತಳೆ ಗರಿ ಒಣಗಿದ ಮೇಲೆ ಮನೆಯವಳು ಅದನ್ನು ಹೂವು ಅಂದುಕೊಂಡು ಹತ್ತಿರ ಬಂದಳು. ಯಾವ ಪಾತ್ರೆಯಲ್ಲಿ ಕುದಿಸಿದ್ದು ಅಂತ ಕೇಳಿದಳು. ಮುಂದಿನದ್ದು ಬರೆಯುವುದಿಲ್ಲ. ಪಾತ್ರೆ, ಚಮಚ, ಕೋಲು ಬೇರೆಯೇ ಇಟ್ಟುಕೊಳ್ಳಿ, ಅವು ಮತ್ತೆ ಅಡುಗೆಮನೆಗೆ ಹೋಗಬಾರದು.

ನೆನೆಸಲು ಬಳಸಿದ ಬಲೆ ಚೀಲದ ವಿಷಯ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಗರಿ ಚೆಲ್ಲಾಪಿಲ್ಲಿ ಆಗದಿರಲಿ ಅಂತ ವಾಶಿಂಗ್ ಮೆಶೀನಿಗೆ ಹಾಕುವ ಬಿಳಿ ಬಲೆ ಚೀಲದಲ್ಲಿ ಕಟ್ಟಿದ್ದೆವು. ಅದು ನೈಲಾನ್. ನೈಲಾನ್‌ಗೂ ಆಸಿಡ್ ಡೈ ಚೆನ್ನಾಗಿ ಹಿಡಿಯುತ್ತದೆ. ಗರಿಗೆ ಹೋಗಬೇಕಾದ ಬಣ್ಣದಲ್ಲಿ ಅರ್ಧ ಅದೇ ನುಂಗಿತ್ತು, ಗರಿಗಿಂತ ಚೀಲವೇ ಝಗಝಗ. ಬೇಜಾರಾಯಿತು, ಆದರೆ ಅದರಿಂದಲೇ ಇನ್ನೊಂದು ಗುಟ್ಟು ಬಿಡಿಸಿಕೊಂಡಿತು. ಅವಸರದಲ್ಲಿ ನಾವು ಆಗಲೇ ಕಟ್ಟಿ ಮುಗಿಸಿದ್ದ ಹನ್ನೆರಡು ಬಿಳಿ ಜಿಗ್‌ಗಳನ್ನೂ ಹಾಗೇ ಬಣ್ಣಕ್ಕೆ ಇಳಿಸಿದ್ದೆವು. ಗರಿ ಕಿತ್ತಳೆ ಆಯಿತು. ಜಿಗ್‌ನ ಕುತ್ತಿಗೆಗೆ ಸುತ್ತಿದ ದಾರ ಕೆಲವದರಲ್ಲಿ ಕಿತ್ತಳೆ, ಕೆಲವದರಲ್ಲಿ ಹಾಲಿನಷ್ಟು ಬಿಳಿ. ಅರ್ಧ ಜಿಗ್‌ಗೆ ನೈಲಾನ್ ದಾರ, ಅರ್ಧಕ್ಕೆ ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರ ಸುತ್ತಿದ್ದು ಆಗ ನೆನಪಾಯಿತು. ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಅನ್ನುವ ಬೇರೆ ಜಾತಿಯ ಬಣ್ಣ ಬೇಕು, ಕಾರ್ಖಾನೆಯಲ್ಲಿ ಅದನ್ನು ಒತ್ತಡದಲ್ಲಿ 130 ಡಿಗ್ರಿ ತನಕ ಕಾಯಿಸುತ್ತಾರೆ. ನಮ್ಮ ಒಲೆಯ ಕೆಲಸ ಅಲ್ಲ. ಜೊತೆಗೆ ವಿನೆಗರ್ ಕುಡಿದ ಕೊಕ್ಕೆಗಳು ಎರಡೇ ದಿನಕ್ಕೆ ತುಕ್ಕು ಹಿಡಿದವು. ಮೊದಲು ಬಣ್ಣ, ಆಮೇಲೆ ಕಟ್ಟುವುದು. ಈ ಸರಳ ಮಾತಿಗೆ ನಾವು ಹನ್ನೆರಡು ಕೊಕ್ಕೆ ದಂಡ ಕಟ್ಟಿದೆವು.

ಕಂದು ಕೂದಲಿನ ಪ್ರಶ್ನೆ ಬೇರೆ. ಬಿಳಿ ಮಾಡಲೇಬೇಕು ಅಂದರೆ ಬ್ಯೂಟಿ ಪಾರ್ಲರ್‌ನಲ್ಲಿ ತಲೆಗೂದಲಿಗೆ ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಅವರು 20 ವಾಲ್ಯೂಮ್ ಅನ್ನುವುದು ಸುಮಾರು ಶೇಕಡಾ 6. ಕೈಗೆ ಗ್ಲೌಸ್ ಹಾಕಿಕೊಂಡು ಒಂದು ಹಿಡಿ ಕೂದಲಿಗೆ ಪ್ರಯತ್ನ ಮಾಡಿದೆವು. ಗಂಟೆಗಟ್ಟಲೆ ಕಾದರೂ ಬಿಳಿ ಆಗಲಿಲ್ಲ, ಒಣ ಹುಲ್ಲಿನ ಬಣ್ಣಕ್ಕೆ ಬಂದು ನಿಂತಿತು. ನನಗೆ ಅನಿಸುವುದು, ಇಷ್ಟು ಒದ್ದಾಡುವುದಕ್ಕಿಂತ ಕಂದಿನ ಮೇಲೆ ಚೆನ್ನಾಗಿ ಕೂರುವ ಬಣ್ಣ ಆರಿಸುವುದೇ ಜಾಣತನ. ಬಣ್ಣ ಹಾಕುವುದು ಅಂದರೆ ಸುಣ್ಣ ಬಳಿದ ಹಾಗಲ್ಲ, ಕೆಳಗಿನದ್ದು ಕಾಣುತ್ತಲೇ ಇರುತ್ತದೆ. ಕಂದಿನ ಮೇಲೆ ಹಳದಿ ಹಾಕಿದರೆ ಬಂಗಾರ, ಕಿತ್ತಳೆ ಹಾಕಿದರೆ ಇಟ್ಟಿಗೆ, ಕಪ್ಪು ಹಾಕಿದರೆ ಕಪ್ಪೇ. ನೀಲಿ ಹಾಕಿದರೆ ಮಾತ್ರ ಕೊಳೆತ ಪಾಚಿ. ಅರಿಶಿನವನ್ನೂ ನೋಡಿದೆವು, ಸುಮ್ನೆ ಕುತೂಹಲಕ್ಕೆ. ಹಳದಿ ಸೊಗಸಾಗಿ ಬಂತು. ಬಟ್ಟೆ ಸೋಪು ತಾಗಿದ ಕೂಡಲೇ ಕುಂಕುಮದ ಕೆಂಪಿಗೆ ತಿರುಗಿತು, ಅರಿಶಿನಕ್ಕೆ ಕ್ಷಾರ ಸೇರಿದರೆ ಆಗುವುದೇ ಹಾಗೆ. ಎರಡು ಬಿಸಿಲಿಗೆ ಅದೂ ಹೋಯಿತು. ರಾಯಚೂರು-ಬಳ್ಳಾರಿ ಬಿಸಿಲಿನ ಮುಂದೆ ಅರಿಶಿನದ ಆಟ ನಡೆಯುವುದಿಲ್ಲ.

ರಬ್ಬರಿನಂತಿರುವ ಮೆತ್ತನೆ ಕಪ್ಪೆ ಲೂರ್‌ಗೆ ಈ ಪಾಕ ಯಾವುದೂ ನಡೆಯದು. ಅದು ಪಿವಿಸಿಗೆ ಎಣ್ಣೆಯಂಥ ಪ್ಲಾಸ್ಟಿಸೈಸರ್ ಸೇರಿಸಿ ಮಾಡಿದ್ದು, ಬಿಸಿ ನೀರಿಗೆ ಬಿದ್ದರೆ ಸೊಟ್ಟಗಾಗುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬೆನ್ನಿಗೆ ಗೆರೆ ಎಳೆದರೆ ಬಣ್ಣ ಹಿಡಿಯುತ್ತದೆ, ಆದರೆ ದಿನ ಕಳೆದಂತೆ ಒಳಗೊಳಗೇ ಹರಡಿ ಗೆರೆ ಮಸುಕಾಗುತ್ತದೆ. ಕಪ್ಪು ಮತ್ತು ಬಿಳಿ ಕಪ್ಪೆಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟರೆ ತಿಂಗಳೊಳಗೆ ಬಿಳಿಗೂ ಕಪ್ಪು ಹತ್ತುತ್ತದೆ, ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳೇ ಕರಗಿ ಅಂಟಿಕೊಳ್ಳುತ್ತವೆ. ಲೂರ್‌ಗೆ ಕಟ್ಟುವ ಸಿಲಿಕಾನ್ ಕುಚ್ಚಿಗಂತೂ ಯಾವ ಬಣ್ಣವೂ ಹತ್ತುವುದಿಲ್ಲ, ಬೇಕಾದ ಬಣ್ಣದ್ದೇ ಕೊಳ್ಳಿ. ಮರದ ಪಾಪರ್ (ನೀರಿನ ಮೇಲೆ ಸದ್ದು ಮಾಡುತ್ತಾ ಸಾಗುವ ಲೂರ್) ಇದ್ದರೆ ಕಿನ್ನಾಳದ ಗೊಂಬೆ ಮಾಡುವವರನ್ನು ನೆನೆಸಿಕೊಳ್ಳಿ. ಅವರು ಬರೀ ಮರಕ್ಕೆ ನೇರ ಬಣ್ಣ ಬಳಿಯುವುದಿಲ್ಲ, ಮೊದಲು ಲೇಪ ಹಾಕಿ ಮೈ ನುಣುಪು ಮಾಡಿಕೊಳ್ಳುತ್ತಾರೆ. ಪಾಪರ್‌ಗೂ ಕೆಳಗೊಂದು ಬಿಳಿ ಕೋಟ್ ಇಲ್ಲದೆ ಮಿಂಚು ಬಣ್ಣ ಮಿಂಚುವುದಿಲ್ಲ.

ಉಳಿದ ನೀರಿನ ವಿಷಯಕ್ಕೆ ಅಳಿಯನಿಗೂ ನನಗೂ ಸಣ್ಣ ಜಗಳ ಆಯಿತು. "ತಿಳಿ ನೀರಲ್ಲ ಮಾವ, ಕಾಲುವಿಗೆ ಚೆಲ್ಲಿದ್ರ ಏನಾಕ್ಕೈತಿ" ಅಂದ. ಆ ಕಾಲುವೆ ನೀರನ್ನು ಕೆಳಗಿನ ಊರಿನವರು ದನಕ್ಕೆ ಕುಡಿಸುತ್ತಾರೆ. ನಾವು ಅಡುಗೆ ಸೋಡಾ ಹಾಕಿ, ನೊರೆ ಬರುವುದು ನಿಂತ ಮೇಲೆ, ಮನೆಯ ಒಳಚರಂಡಿಗೆ ಜಾಸ್ತಿ ನೀರಿನ ಜೊತೆ ಬಿಟ್ಟೆವು.

ಕೊನೆಗೂ ಕೆರೆಗೆ ಹೋದದ್ದು ಸೆಪ್ಟೆಂಬರ್ ಮೊದಲ ಭಾನುವಾರ. ಕಪ್ಪು ಜಿಗ್‌ಗೆ ಎರಡು ಕೊರಮೀನು, ಕಿತ್ತಳೆಗೆ ಒಂದು, ಬಿಳಿಗೆ ಸೊನ್ನೆ. ಮುಂದಿನ ವಾರ ಕಿತ್ತಳೆಗೆ ಎರಡು, ಕಪ್ಪಿಗೆ ಒಂದೂ ಇಲ್ಲ. ಮೂರನೇ ವಾರ ಯಾವುದಕ್ಕೂ ಇಲ್ಲ, ಸೊಳ್ಳೆ ಕಡಿತ ಮಾತ್ರ. ಅಳಿಯ ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲು ಹೊರಟಿದ್ದ, ನಾನು ತಡೆದೆ. ಐದು ಮೀನಿನ ಲೆಕ್ಕದಲ್ಲಿ ಏನೂ ಸಾಬೀತಾಗುವುದಿಲ್ಲ. ಕೊರಮೀನು ಬಣ್ಣಕ್ಕಿಂತ ಅಲುಗಾಟಕ್ಕೆ ಜಾಸ್ತಿ ಬೀಳುತ್ತದೆ ಅಂತಲೇ ನನಗೆ ಈಗಲೂ ಅನಿಸುತ್ತದೆ. ಒಂದು ಮಾತು ಮಾತ್ರ. ಮಳೆಗಾಲದಲ್ಲಿ ಅದರ ಮರಿಗಳು ಕಿತ್ತಳೆ-ಕೆಂಪು ಬಣ್ಣದಲ್ಲಿ ಗುಂಪಾಗಿ ನೀರಿನ ಮೇಲೆ ಗುಜುಗುಜು ಅನ್ನುತ್ತಿರುತ್ತವೆ, ತಂದೆ-ತಾಯಿ ಕೆಳಗೆ ಕಾವಲಿರುತ್ತವೆ. ಅಂಥ ಕಡೆ ಕಿತ್ತಳೆ ಜಿಗ್ ಎಸೆದರೆ ಸಿಟ್ಟಿಗೆದ್ದು ಕಚ್ಚುವುದು ಖಂಡಿತ. ಕಾವಲಿನ ಮೀನು ಎತ್ತಿದರೆ ಮರಿಗಳು ಬೇರೆ ಮೀನಿನ ಹೊಟ್ಟೆಗೆ ಹೋಗುತ್ತವೆ. ಆ ಗುಂಪು ಕಂಡರೆ ನಾವು ಜಾಗ ಬದಲಿಸುತ್ತೇವೆ.

ಈಗ ಅಳಿಯ ಯಾವ ಸಾಮಾನು ತಂದರೂ ಮೊದಲು ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರುತ್ತಾನೆ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಪ್ರೋಟೀನು, ವಿನೆಗರ್ ಪಾತ್ರೆಗೆ. ಕಾಗದ ಸುಟ್ಟ ಹಾಗಾದರೆ ಹತ್ತಿ, ಅದು ಅವನ ಯೂನಿಟ್‌ನ ಪಾಠ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ಜಾತಿ, ಅದರಲ್ಲಿ ನೈಲಾನೋ ಪಾಲಿಯೆಸ್ಟರೋ ಅಂತ ಒಂದು ತುಣುಕು ಬಣ್ಣಕ್ಕೆ ಹಾಕಿ ನೋಡುತ್ತೇವೆ. ಹೋದ ತಿಂಗಳು ಆನ್‌ಲೈನ್‌ನಲ್ಲಿ 'ಅಸಲಿ ಆಡಿನ ಕೂದಲು' ಅಂತ 350 ರೂಪಾಯಿಗೆ ಒಂದು ಪ್ಯಾಕೆಟ್ ತರಿಸಿದ್ದ. ಬೆಂಕಿ ತೋರಿಸಿದ. ಮಣಿ.

ವಾಪಸ್ ಕಳಿಸಿದ್ದೇವೆ, ದುಡ್ಡು ಇನ್ನೂ ಬಂದಿಲ್ಲ.